ಇಸ್ಪೀಟು ಸುಡೊಕು ಮೀಮಾಂಸೆ

ಪೀಠಿಕೆ

ಸುಡೊಕುವಿನ ಮೇಲೆ ಈವರೆಗೆ ನಡೆದಿರುವ ಸಂಶೋಧನೆಗಳೆಲ್ಲ ಒಂದು ಮೂಲಭೂತ ದೋಷದಿಂದ ನರಳುತ್ತಿವೆ. ಸಂಶೋಧಕರಿಗೆಲ್ಲ ಸುಡೊಕು ಬಿಡಿಸಲು ಬರುತ್ತದೆ. ಬಿಡಿಸಲು ಬರುವವರು ಬಿಡಿಸುತ್ತ ಕೂರುತ್ತಾರೆಯೇ ಹೊರತು ಇದನ್ನು ಯಾಕಾದರೂ ಬಿಡಿಸಬೇಕು ಎಂದು ಕೇಳುವುದಿಲ್ಲ. ಪ್ರಸ್ತುತ ಲೇಖಕನಿಗೆ ಈ ವಿದ್ಯೆ ಲವಲೇಶವೂ ಹತ್ತಿಲ್ಲವಾದ್ದರಿಂದ ಆತ ಈ ವಿಷಯದಲ್ಲಿ ಸಂಪೂರ್ಣ ನಿಷ್ಪಕ್ಷಪಾತಿ ಎಂಬುದನ್ನು ವಿದ್ವಾಂಸರು ಮೊದಲೇ ಒಪ್ಪಿಕೊಂಡು ಮುಂದಕ್ಕೆ ಓದತಕ್ಕದ್ದು.

ವಿಷಯ ಹೀಗಿದೆ. ಒಂಬತ್ತು ಅಡ್ಡಸಾಲು, ಒಂಬತ್ತು ಕಂಬಸಾಲು, ಒಟ್ಟು 81 ಮನೆ. ಅವುಗಳೊಳಗೆ ಮೂರು ಮನೆ ಅಗಲ, ಮೂರು ಮನೆ ಉದ್ದದ ಒಂಬತ್ತು ಕಿರುಚೌಕ. ಯಾವ ಸಾಲಿನಲ್ಲೂ ಯಾವ ಚೌಕದಲ್ಲೂ ಒಂದು ಅಂಕಿ ಎರಡು ಸಲ ಬರಕೂಡದು. ಇಷ್ಟೇ ಶಾಸ್ತ್ರ. ದಿನಪತ್ರಿಕೆಯಲ್ಲಿ ಪದಬಂಧಕ್ಕೂ ರಾಶಿಭವಿಷ್ಯಕ್ಕೂ ನಡುವೆ ಇದನ್ನು ಅಚ್ಚು ಹಾಕುತ್ತಾರೆ. ಮನೆಯ ಹಿರಿಯರು ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಪೆನ್ಸಿಲ್ ಕಚ್ಚಿಕೊಂಡು, ಯಾರೊಡನೆಯೂ ಮಾತಾಡದೆ ಇದನ್ನು ತುಂಬುತ್ತಾರೆ. ತುಂಬಿದ ಮೇಲೆ ಗೆದ್ದವರಾರು, ಸೋತವರಾರು? ಯಾರೂ ಇಲ್ಲ. ಗೆದ್ದವರೂ ಸೋತವರೂ ಇಲ್ಲದ್ದನ್ನು ಆಟ ಎಂದು ಕರೆಯುವ ಧೈರ್ಯ ನಮ್ಮ ಕಾಲಕ್ಕೆ ಹೇಗೆ ಬಂತು ಎಂಬುದೇ ಈ ಪ್ರಬಂಧದ ಮೂಲ ಜಿಜ್ಞಾಸೆ.

ನಮ್ಮ ಪ್ರತಿಜ್ಞೆ ಇದು: ಸುಡೊಕು ಮೂಲತಃ ಇಸ್ಪೀಟಾಟ. ನಡುವೆ ಯಾರೋ ಅದರ ಎಲೆಗಳನ್ನು ಕಿತ್ತುಕೊಂಡು ಅಂಕಿ ಕೊಟ್ಟರು. ಎದುರಾಳಿಯನ್ನು ಕಿತ್ತುಕೊಂಡು ಪೆನ್ಸಿಲ್ ಕೊಟ್ಟರು. ಕಳೆದುಹೋದ ಎಲೆ, ಕಳೆದುಹೋದ ಎದುರಾಳಿ, ಎರಡನ್ನೂ ಹಿಂದಕ್ಕೆ ತಂದು ಜಮಖಾನದ ಮೇಲೆ ಕೂರಿಸುವುದೇ ನಮ್ಮ ಉದ್ದೇಶ.

ಕಾಲ, ದೇಶ, ಕರ್ತೃ ವಿಚಾರ

ಕವಿಯ ಕಾಲ, ದೇಶ, ಮತ ಮೂರನ್ನೂ ನಿರ್ಣಯಿಸದೆ ಕಾವ್ಯಕ್ಕೆ ಕೈಹಾಕುವುದು ಕನ್ನಡ ಸಂಶೋಧನೆಯ ಸಂಪ್ರದಾಯವಲ್ಲ. ಸುಡೊಕುವಿಗೂ ಆ ಮರ್ಯಾದೆ ಸಲ್ಲಬೇಕು.

ಈಗಿನವರು ಹೇಳುವ ಕಥೆ ಚಿಕ್ಕದು. ಅಮೆರಿಕದ ಇಂಡಿಯಾನಾ ರಾಜ್ಯದ ನಿವೃತ್ತ ವಾಸ್ತುಶಿಲ್ಪಿ ಹೋವರ್ಡ್ ಗಾರ್ನ್ಸ್ 1979ರಲ್ಲಿ ಡೆಲ್ ಕಂಪನಿಯ ಒಗಟು ಪತ್ರಿಕೆಗೆ ಇದನ್ನು ಕೊಟ್ಟ. 1984ರಲ್ಲಿ ಜಪಾನಿನ ನಿಕೋಲಿ ಪ್ರಕಾಶನದವರು ಅದನ್ನು ತಮ್ಮಲ್ಲಿಗೆ ಕರೆದೊಯ್ದು ಈಗಿನ ಹೆಸರಿಟ್ಟರು. ಹಾಂಗ್‌ಕಾಂಗಿನಲ್ಲಿ ನ್ಯಾಯಾಧೀಶರಾಗಿದ್ದು ನಿವೃತ್ತರಾದ ನ್ಯೂಜಿಲೆಂಡಿನ ವೇಯ್ನ್ ಗೌಲ್ಡ್ ಟೋಕಿಯೊದ ಅಂಗಡಿಯೊಂದರಲ್ಲಿ ಇದನ್ನು ಕಂಡು ಮರುಳಾಗಿ, ಸುಡೊಕು ಹುಟ್ಟಿಸುವ ಕಂಪ್ಯೂಟರ್ ಪ್ರೋಗ್ರಾಮನ್ನು ವರ್ಷಗಟ್ಟಲೆ ಕೂತು ಬರೆದರು. 2004ರ ನವೆಂಬರ್ 12ರಂದು ಲಂಡನ್ನಿನ ಟೈಮ್ಸ್ ಅದನ್ನು ಪ್ರಕಟಿಸಿತು. ಅಲ್ಲಿಂದ ಮುಂದೆ ಭೂಮಂಡಲವೇ ತಲೆ ತಗ್ಗಿಸಿತು. ಒಬ್ಬ ನಿವೃತ್ತ ವಾಸ್ತುಶಿಲ್ಪಿ, ಒಬ್ಬ ನಿವೃತ್ತ ನ್ಯಾಯಾಧೀಶ. ನಿವೃತ್ತಿಗೂ ಸುಡೊಕುವಿಗೂ ಇರುವ ಸಂಬಂಧ ಇಲ್ಲಿಂದಲೇ ಶುರು. ಅದನ್ನು ಪ್ರತ್ಯೇಕ ಸಂಪುಟದಲ್ಲಿ ಚರ್ಚಿಸಲಾಗುವುದು.

ಆದರೆ ಇದು ಕಥೆಯ ಕೊನೆಯ ಕಾಂಡ. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬಾಳಿದ ಲಿಯೊನಾರ್ಡ್ ಆಯ್ಲರ್ ಎಂಬ ಗಣಿತಜ್ಞ 1782ರಲ್ಲಿ ಅಚ್ಚಾದ ತನ್ನ ಪ್ರಬಂಧದಲ್ಲಿ ಸಾಲುಗಳಲ್ಲಿ ಮರುಕಳಿಸದ ಚೌಕಗಳ ಶಾಸ್ತ್ರವನ್ನೇ ಕಟ್ಟಿದ. ಆರು ರೆಜಿಮೆಂಟಿನಿಂದ ಆರಾರು ದರ್ಜೆಯ 36 ಸೇನಾಧಿಕಾರಿಗಳನ್ನು ತಂದು, ಯಾವ ಸಾಲಿನಲ್ಲೂ ರೆಜಿಮೆಂಟಾಗಲಿ ದರ್ಜೆಯಾಗಲಿ ಎರಡು ಸಲ ಬಾರದಂತೆ ಆರಾರು ಸಾಲಿನಲ್ಲಿ ನಿಲ್ಲಿಸಬಲ್ಲಿರಾ ಎಂದು ಕೇಳಿದ. ಆಗದು ಎಂಬುದು ಅವನ ಅಭಿಪ್ರಾಯ. 1901ರ ಹೊತ್ತಿಗೆ ಫ್ರಾನ್ಸಿನ ಗಾಸ್ಟನ್ ತಾರಿ ಎಲ್ಲ ಸಾಧ್ಯತೆಗಳನ್ನೂ ಕೈಯಲ್ಲೇ ತಡಕಾಡಿ, ಹೌದು, ಆಗದು ಎಂದು ಮೊಹರು ಒತ್ತಿದ. ಸೇನೆಯಲ್ಲಿ ಆಗದ ಕೆಲಸವೂ ಒಂದುಂಟು ಎಂದು ಗಣಿತ ತೋರಿಸಿಕೊಟ್ಟ ಅಪರೂಪದ ಸಂದರ್ಭ ಅದು.

ಆಯ್ಲರನಿಗೂ ಹಿಂದೆ? ಇಲ್ಲಿಯೇ ನಮ್ಮ ತುರುಪು ಬೀಳುವುದು. ಫ್ರಾನ್ಸಿನ ಜಾಕ್ ಓಝನಾಂ ಎಂಬಾತನ ಗಣಿತ ವಿನೋದದ ಪುಸ್ತಕದ 1725ರ ಆವೃತ್ತಿಯಲ್ಲಿ ಒಂದು ಒಗಟಿದೆ. ಇಸ್ಪೀಟಿನ ಎಕ್ಕ, ರಾಜ, ರಾಣಿ, ಗುಲಾಮ, ಹೀಗೆ ನಾಲ್ಕು ಬಣ್ಣದ 16 ಎಲೆಗಳನ್ನು ನಾಲ್ಕು ಸಾಲಿನಲ್ಲಿ ಜೋಡಿಸಬೇಕು. ಯಾವ ಸಾಲಿನಲ್ಲೂ ಒಂದೇ ಬಣ್ಣ ಎರಡು ಸಲ ಬರಬಾರದು, ಇಬ್ಬರು ರಾಜರೂ ಬರಬಾರದು. ಓದುಗರು ದಯವಿಟ್ಟು ಗಮನಿಸಬೇಕು: ಇದು ಸುಡೊಕುವಿನ ಅಜ್ಜ, ಮತ್ತು ಈ ಅಜ್ಜನ ಕೈಯಲ್ಲಿರುವುದು ಪೆನ್ಸಿಲ್ ಅಲ್ಲ, ಎಲೆ.

ಕೊರಿಯಾದ ಮಂತ್ರಿ ಚೊಯ್ ಸಿಯೋಕ್-ಜಿಯೋಂಗ್ ಎಂಬಾತ 1700ರ ಸುಮಾರಿನಲ್ಲೇ 9×9 ಮನೆಯ ಇಂಥದೇ ಜೋಡಿ ಚೌಕವನ್ನು ತನ್ನ ಗಣಿತ ಗ್ರಂಥದಲ್ಲಿ ಬರೆದಿಟ್ಟಿದ್ದನಲ್ಲ, ಅದು ಎಲೆಯಲ್ಲವಲ್ಲ, ಅಂಕಿಯಲ್ಲವೇ ಎಂದು ಪೂರ್ವಪಕ್ಷಿಗಳು ಕೇಳಬಹುದು. ಆ ಗ್ರಂಥವನ್ನು ನಾವು ಕೆಳಗೆ ನಮಗೆ ಅನುಕೂಲವಾದ ಕಡೆ ಬಳಸಿಕೊಳ್ಳಲಿದ್ದೇವೆ. ಅನನುಕೂಲವಾದ ಈ ಕಡೆ ಅದನ್ನು ನಾವು ನೋಡಿಲ್ಲವೆಂದು ಭಾವಿಸತಕ್ಕದ್ದು. ಇದೂ ಸಂಶೋಧನೆಯ ಸಂಪ್ರದಾಯವೇ.

ಕನ್ನಡ ನೆಲದ ಆಧಾರಗಳು

ಇನ್ನು ನಮ್ಮ ನಾಡಿನತ್ತ ತಿರುಗೋಣ. ಕುಮುದೇಂದು ಮುನಿಯ 'ಸಿರಿಭೂವಲಯ'ದ ಹೆಸರು ಕೇಳದವರಿಲ್ಲ. ಅಕ್ಷರವಿಲ್ಲದ ಕಾವ್ಯ ಅದು. 1ರಿಂದ 64ರವರೆಗಿನ ಅಂಕಿಗಳನ್ನು 27 ಅಡ್ಡಸಾಲು, 27 ಕಂಬಸಾಲಿನ ಚಕ್ರಗಳಲ್ಲಿ ತುಂಬಿದೆ. ಒಂದೊಂದು ಅಂಕಿಗೂ ಒಂದೊಂದು ಧ್ವನಿ. ಯಲ್ಲಪ್ಪ ಶಾಸ್ತ್ರಿಗಳ ಬಳಿ ಇದ್ದ ಇದನ್ನು ಕರ್ಲಮಂಗಲಂ ಶ್ರೀಕಂಠಯ್ಯನವರು ಜೊತೆಗೂಡಿ 1953ರಲ್ಲಿ ಹೊರತಂದರು. ಅದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ಜಗಳಕ್ಕೆ ನಾವು ಇಳಿಯುವುದಿಲ್ಲ. ನಮಗೆ ಬೇಕಾದದ್ದು ಗುಣಾಕಾರ ಮಾತ್ರ. 27ನ್ನು 27ರಿಂದ ಗುಣಿಸಿದರೆ 729. ಸುಡೊಕುವಿನ 81 ಮನೆಯನ್ನು 9ರಿಂದ ಗುಣಿಸಿದರೂ 729. ಅಂದರೆ ಭೂವಲಯದ ಒಂದು ಚಕ್ರದಲ್ಲಿ ಸರಿಯಾಗಿ ಒಂಬತ್ತು ಸುಡೊಕು ಹಿಡಿಸುತ್ತವೆ, ಒಂದು ಮನೆ ಹೆಚ್ಚಿಲ್ಲ, ಒಂದು ಮನೆ ಕಡಿಮೆಯಿಲ್ಲ. ಕಾಕತಾಳೀಯ ಎನ್ನುವವರು ಎನ್ನಲಿ. ಕಾಗೆಯೂ ಕೂತಿದೆ, ತಾಳೆಹಣ್ಣೂ ಬಿದ್ದಿದೆ. ಸಂಶೋಧಕನಿಗೆ ಇನ್ನೇನು ಬೇಕು?

ಇದಕ್ಕಿಂತ ಬಲವಾದ ಸಾಕ್ಷಿ ಮೈಸೂರು ಅರಮನೆಯಲ್ಲಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಾಜ್ಯಭಾರವನ್ನು ಬ್ರಿಟಿಷರು ಕೈಗೆತ್ತಿಕೊಂಡ ಮೇಲೆ ಆಟಗಳ ಸಾಮ್ರಾಜ್ಯವನ್ನು ಕಟ್ಟಿದರು. ಚದುರಂಗದ ಕುದುರೆಯನ್ನು 64 ಮನೆಗಳಲ್ಲೂ ಒಂದೊಂದೇ ಸಲ ಓಡಾಡಿಸುವ ಬಂಧಗಳನ್ನು ರಚಿಸಿದರು. ಆಯ್ಲರ್ ಕೂಡ 1759ರಲ್ಲಿ ಇದೇ ಕುದುರೆಯ ಹಿಂದೆ ಬಿದ್ದಿದ್ದ. ಒಂದೇ ಕುದುರೆಯ ಹಿಂದೆ ಓಡಿದ ಇಬ್ಬರಲ್ಲಿ ಒಬ್ಬ ಚೌಕಕ್ಕೆ ಅಂಕಿ ತುಂಬಿದ, ಇನ್ನೊಬ್ಬರು ಗಂಜೀಫಾ ಎಲೆಗೆ ಬಣ್ಣ ತುಂಬಿಸಿದರು. 'ಶ್ರೀತತ್ತ್ವನಿಧಿ'ಯ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ಮುಮ್ಮಡಿಯವರ ಎಲೆಯಾಟಗಳ ವಿವರವಿದೆ. ಕೆಲವು ಕಟ್ಟುಗಳಲ್ಲಿ ಎಲೆಗಳ ಸಂಖ್ಯೆ 360ರವರೆಗೂ ಏರುತ್ತದೆ. ಈಗಿನ 52 ಎಲೆಯನ್ನೇ ಕಲೆಸಲು ಬೆರಳು ನೋಯುತ್ತದೆ ಎನ್ನುವ ಪೀಳಿಗೆ ಒಂದು ಕ್ಷಣ ಮೌನ ಆಚರಿಸಬೇಕು. ಅಂದಹಾಗೆ ಶ್ರೀತತ್ತ್ವನಿಧಿಯಲ್ಲಿ ಒಟ್ಟು ಎಷ್ಟು ನಿಧಿಗಳು? ಒಂಬತ್ತು.

ಎಲೆಗಳ ಲೆಕ್ಕ, ಅಥವಾ ಒಂಬತ್ತು ಎಲೆಗಳ ಕೊರತೆ

ತತ್ತ್ವ ಸಾಕು, ವ್ಯವಹಾರಕ್ಕೆ ಬರೋಣ. ಸುಡೊಕುವಿಗೆ 1ರಿಂದ 9ರವರೆಗಿನ ಅಂಕಿ ಒಂದೊಂದೂ ಒಂಬತ್ತೊಂಬತ್ತು ಬೇಕು. ಇಸ್ಪೀಟಿನ ಒಂದು ಪ್ಯಾಕಿನಲ್ಲಿ ಎಕ್ಕದಿಂದ ಒಂಬತ್ತರವರೆಗೆ ನಾಲ್ಕು ನಾಲ್ಕರಂತೆ 36 ಎಲೆ. ಎರಡು ಪ್ಯಾಕಿನಲ್ಲಿ 72. ಬೇಕಾದದ್ದು 81. ಒಂಬತ್ತು ಎಲೆ ಕಡಿಮೆ! ಮೂರನೆಯ ಪ್ಯಾಕು ಒಡೆದರೆ ಒಂಬತ್ತು ಎಲೆ ತೆಗೆದುಕೊಂಡು 43 ಎಲೆಗಳನ್ನು ಅನಾಥ ಮಾಡಬೇಕು. ಮಧ್ಯಮವರ್ಗದ ಮನಸ್ಸು ಇದನ್ನು ಒಪ್ಪುವುದಿಲ್ಲ.

ಎರಡು ಪ್ಯಾಕಿನ ಗುಲಾಮರನ್ನು ಅಂಕಿಗಳ ಹುದ್ದೆಗೆ ನೇಮಿಸಿಕೊಳ್ಳಬಹುದೆಂಬ ವಾದವಿದೆ. ಗುಲಾಮರು ಎಂಟೇ ಜನ. ಒಬ್ಬ ಜೋಕರನ್ನು ಸೇರಿಸಿದರೆ ಒಂಬತ್ತು. ಪ್ರತಿಯೊಬ್ಬನ ಹಣೆಗೂ ಬಿಳಿ ಕಾಗದ ಅಂಟಿಸಿ ಒಂದೊಂದು ಅಂಕಿ ಬರೆದರೆ ಕೆಲಸ ಆಯಿತು. ಆದರೆ ಅಂಟಿಸಿದ ಎಲೆಯ ದಪ್ಪ ಬೆರಳಿಗೆ ಗೊತ್ತಾಗುತ್ತದೆ. ಎಲೆ ಹಂಚುವವನು ಸೋದರಮಾವನಾಗಿದ್ದರೆ ಇದರ ಪರಿಣಾಮ ಘೋರ.

ಹಾಗಾಗಿ ಶುದ್ಧ ಶಾಸ್ತ್ರೀಯ ಮಾರ್ಗ ಒಂದೇ, ದಶಾವತಾರ ಗಂಜೀಫಾ. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಅವತಾರ, ಒಂದೊಂದಕ್ಕೂ ರಾಜ, ಮಂತ್ರಿ ಮತ್ತು ಹತ್ತು ಅಂಕಿಯ ಎಲೆ, ಒಟ್ಟು 120. ಹಗಲಿನಲ್ಲಿ ಆಡಿದರೆ ರಾಮನಿಂದ ಶುರು, ರಾತ್ರಿಯಾದರೆ ಕೃಷ್ಣನಿಂದ. ಇಷ್ಟು ಮರ್ಯಾದಸ್ಥ ಎಲೆಗಳು ಬೇರೆಲ್ಲಿ ಸಿಕ್ಕಾವು?

ಈಗ ಸೂಕ್ಷ್ಮ ಪ್ರಶ್ನೆ. ನಮಗೆ ಬೇಕಾದದ್ದು ಒಂಬತ್ತು ಬಣ್ಣ. ಇರುವುದು ಹತ್ತು ಅವತಾರ. ಯಾರನ್ನು ಬಿಡುವುದು? ಈ ಪ್ರಶ್ನೆಯನ್ನು ಭಕ್ತರ ಮುಂದೆ ಇಟ್ಟರೆ ಪ್ರಬಂಧ ಮುಗಿಯುವ ಮೊದಲೇ ಪ್ರಬಂಧಕಾರ ಮುಗಿಯುತ್ತಾನೆ. ಆದರೆ ಶಾಸ್ತ್ರದಲ್ಲೇ ಉತ್ತರವಿದೆ: ಕಲ್ಕಿ ಇನ್ನೂ ಬಂದಿಲ್ಲ. ಬಾರದವರಿಗೆ ಎಲೆ ಹಾಕುವ ಪದ್ಧತಿ ಊಟದಲ್ಲೂ ಇಲ್ಲ, ಆಟದಲ್ಲೂ ಇಲ್ಲ. ಕಲ್ಕಿಯ 12 ಎಲೆ ತೆಗೆದರೆ ಉಳಿಯುವುದು 108. ವಾಚಕರು ಕೈಮುಗಿಯಬಹುದು. ಉಳಿದ ಒಂಬತ್ತು ಅವತಾರಗಳಿಂದ ರಾಜ, ಮಂತ್ರಿ ಮತ್ತು ಹತ್ತನೆಯ ಅಂಕಿ, ಈ ಮೂರನ್ನು ತೆಗೆದರೆ 27 ಎಲೆ ಹೋದವು. 27 ಎಂದರೆ ನಕ್ಷತ್ರಗಳ ಸಂಖ್ಯೆ. ಭೂವಲಯದ ಒಂದು ಬದಿಯ ಅಳತೆಯೂ ಹೌದು. 108ರಲ್ಲಿ 27 ಕಳೆದರೆ? 81! ರಾಜರನ್ನೂ ಮಂತ್ರಿಗಳನ್ನೂ ಹೊರಗಿಟ್ಟ ಮೇಲೆಯೇ ಆಟ ಸರಿಹೋಯಿತು ಎಂಬ ಅಂಶವನ್ನು ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು ಬೇಕಾದರೆ ಬರೆದುಕೊಳ್ಳಲಿ.

ಈ 81 ಎಲೆಗಳಲ್ಲಿ ಒಂದರಂತೆ ಇನ್ನೊಂದಿಲ್ಲ. ಮೀನಿನ ಮೂರು ಒಂದೇ, ಆಮೆಯ ಏಳು ಒಂದೇ. ಆದ್ದರಿಂದ ಪರಿಪೂರ್ಣ ಗಂಜೀಫಾ ಸುಡೊಕುವಿನಲ್ಲಿ ಯಾವ ಸಾಲಿನಲ್ಲೂ ಅಂಕಿಯೂ ಮರುಕಳಿಸಬಾರದು, ಅವತಾರವೂ ಮರುಕಳಿಸಬಾರದು. ಇಂಥ ಜೋಡಿ ಚೌಕವನ್ನೇ ನಮ್ಮ ಕೊರಿಯಾದ ಮಂತ್ರಿ ಬರೆದಿಟ್ಟಿದ್ದು. ಅನುಕೂಲವಾದ ಕಡೆ ಬಳಸುತ್ತೇವೆಂದು ಹೇಳಿದ್ದೆವಲ್ಲ, ಇದೇ ಆ ಕಡೆ.

ಇನ್ನು ಕಲ್ಕಿಯನ್ನು ಬಿಟ್ಟದ್ದು ಅನ್ಯಾಯ ಎನ್ನುವ ಸಂಪ್ರದಾಯಸ್ಥರಿಗೂ ಒಂದು ಸಮಾಧಾನವಿದೆ. ಹತ್ತು ಅವತಾರ, ಹತ್ತು ಅಂಕಿ, ನೂರು ಎಲೆ. ಇವನ್ನು 10×10ರ ಚೌಕದಲ್ಲಿ ಎರಡೂ ಮರುಕಳಿಸದಂತೆ ಜೋಡಿಸಬಹುದೇ? ಆರಕ್ಕೆ ಆಗದ್ದು ಹತ್ತಕ್ಕೂ ಆಗದು, ಹದಿನಾಲ್ಕಕ್ಕೂ ಆಗದು ಎಂದು ಆಯ್ಲರ್ ಊಹಿಸಿದ್ದ. ಅವನ ಮಾತಿಗೆ ಎದುರಾಡಲು ಜಗತ್ತಿಗೆ 177 ವರ್ಷ ಬೇಕಾಯಿತು. 1959ರಲ್ಲಿ ರಾಜ್‌ಚಂದ್ರ ಬೋಸ್, ಶರದ್‌ಚಂದ್ರ ಶ್ರೀಖಂಡೆ ಎಂಬ ನಮ್ಮ ದೇಶದ ಇಬ್ಬರು, ಅಮೆರಿಕದ ಪಾರ್ಕರ್ ಎಂಬ ಒಬ್ಬ, ಮೂವರೂ ಸೇರಿ ಆಯ್ಲರನ ಊಹೆಯನ್ನು ಮುರಿದರು. ಆರನ್ನು ಬಿಟ್ಟು ಮುಂದಿನದೆಲ್ಲ ಆಗುತ್ತದೆ, ಹತ್ತಕ್ಕಂತೂ ಖಂಡಿತ ಆಗುತ್ತದೆ ಎಂದು ತೋರಿಸಿದರು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಈ ಸುದ್ದಿಯನ್ನು ಮುಖಪುಟದಲ್ಲೇ ಹಾಕಿತು. ದಶಾವತಾರದ ಕಟ್ಟು ಕೈಯಲ್ಲಿದ್ದವರು ಯಾರಾದರೂ ಅದಕ್ಕೂ ಮುಂಚೆ ನೆಲದ ಮೇಲೆ ಹರಡಿ ನೋಡಿದ್ದರೆ ಆಯ್ಲರನಿಗೆ ಇಷ್ಟು ಕಾಲ ಮರ್ಯಾದೆ ಸಿಗುತ್ತಿರಲಿಲ್ಲ. ನಾವು ಆ ಹೊತ್ತಿನಲ್ಲಿ ಇಪ್ಪತ್ತೆಂಟು ಆಡುತ್ತಿದ್ದೆವು.

ಕನ್ನಡಿ ಪ್ರಮೇಯ

ಎಲೆಯೇ ಯಾಕೆ, ಇಬ್ಬರು ಕೂತು ಖಾಲಿ ಸುಡೊಕುವಿನ ಮೇಲೆ ಸರದಿಯಂತೆ ಅಂಕಿ ಬರೆಯುತ್ತ ಹೋದರಾಯಿತಲ್ಲ, ಬರೆಯಲು ಜಾಗ ಸಿಗದವನು ಸೋತ ಎಂದರಾಯಿತಲ್ಲ ಎಂದು ಕೆಲವರು ಕೇಳುತ್ತಾರೆ. ಕೇಳಲು ಸರಳವಾಗಿರುವ ಈ ಆಟದಲ್ಲಿ ಮೊದಲು ಆಡುವವನು ಯಾವಾಗಲೂ ಗೆಲ್ಲುತ್ತಾನೆ. ಇದು ಅಣಕವಲ್ಲ, ನಿಜವಾದ ಪ್ರಮೇಯ. ಓದುಗರು ಒಂದು ನಿಮಿಷ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರಬೇಕು.

ಮೊದಲಿಗ ನಟ್ಟನಡುವಿನ ಮನೆಯಲ್ಲಿ 5 ಬರೆಯುತ್ತಾನೆ. ಆಮೇಲೆ ಅವನು ತಲೆ ಉಪಯೋಗಿಸುವ ಅಗತ್ಯವೇ ಇಲ್ಲ. ಎದುರಾಳಿ ಎಲ್ಲಿ ಬರೆದನೋ ಅದಕ್ಕೆ ಕೇಂದ್ರದ ಮೂಲಕ ನೇರ ಎದುರಿನ ಮನೆ ಹಿಡಿಯುವುದು. ಎದುರಾಳಿ ಏನು ಬರೆದನೋ ಅದನ್ನು ಹತ್ತರಲ್ಲಿ ಕಳೆದು ಉಳಿದದ್ದನ್ನು ಬರೆಯುವುದು. ಅವನು ಮೊದಲ ಸಾಲಿನ ಎರಡನೆಯ ಮನೆಯಲ್ಲಿ 3 ಬರೆದರೆ ಇವನು ಒಂಬತ್ತನೆಯ ಸಾಲಿನ ಎಂಟನೆಯ ಮನೆಯಲ್ಲಿ 7. ಹೀಗೆ ಹಲಗೆ ಯಾವಾಗಲೂ ಕನ್ನಡಿಯಲ್ಲಿ ಕಂಡಂತಿರುತ್ತದೆ. ಎದುರಾಳಿಗೆ ಜಾಗ ಇದ್ದರೆ ಇವನಿಗೂ ಇದ್ದೇ ಇರುತ್ತದೆ. ತೊಡಕಾಗುವ ಅಂಕಿ ಒಂದೇ, 5. ಅದರ ಪ್ರತಿಬಿಂಬವೂ 5. ಆದರೆ ಕನ್ನಡಿಯ ಎರಡು ಮನೆಗಳು ಒಂದೇ ಸಾಲಿನಲ್ಲೋ ಚೌಕದಲ್ಲೋ ಬರುವುದು ನಡುಸಾಲು ಮತ್ತು ನಡುಚೌಕದಲ್ಲಿ ಮಾತ್ರ. ಅಲ್ಲೆಲ್ಲ 5ಕ್ಕೆ ಪ್ರವೇಶವಿಲ್ಲದಂತೆ ಮೊದಲೇ ನಡುವಿಗೆ 5 ಬಡಿದಾಗಿದೆ. ಹೀಗೆ ಕೊನೆಗೆ ಜಾಗ ಸಿಗದೆ ಒದ್ದಾಡುವವನು ಎರಡನೆಯವನೇ. (ನವಗ್ರಹ ಮಂಟಪದಲ್ಲಿ ಸೂರ್ಯನಿರುವುದು ನಡುವೆ. ಎತ್ತ ಕೂಡಿದರೂ 15 ಬರುವ ಸೂರ್ಯ ಯಂತ್ರದಲ್ಲೂ ನಡುವೆ ಇರುವುದು 5. ನಾವೇನೂ ಹೇಳುತ್ತಿಲ್ಲ. ಸುಮ್ಮನೆ ತೋರಿಸುತ್ತಿದ್ದೇವೆ.)

ಅಂದರೆ ಪೆನ್ಸಿಲ್ ಹಿಡಿದು ಆಡಿದರೆ ಸ್ಪರ್ಧೆ ಶುರುವಾಗುವ ಮೊದಲೇ ಮುಗಿದಿರುತ್ತದೆ. ಇದನ್ನು ಕೆಡಿಸಬಲ್ಲದ್ದು ಎಲೆ ಮಾತ್ರ. ಎದುರಾಳಿ 3 ಹಾಕಿದ ಕೂಡಲೇ 7 ಹಾಕಬೇಕೆಂದು ನಿಮಗೆ ಗೊತ್ತು. ಆದರೆ 7 ನಿಮ್ಮ ಕೈಯಲ್ಲಿ ಇರಬೇಕಲ್ಲ? ಅದು ಪಕ್ಕದವರ ಸೆರಗಿನ ಮರೆಯಲ್ಲಿದೆ. ಆಯ್ಲರನ ಬುದ್ಧಿಗೂ ಕೈಗೆ ಬಂದ ಎಲೆಗೂ ನಡುವಿನ ಈ ಅಂತರವನ್ನೇ ನಮ್ಮ ಹಿರಿಯರು ಹಣೆಬರಹ ಎಂದರು.

ಇಲ್ಲಿ ಇನ್ನೊಂದು ಅಂಕಿ ಅಂಶ. ಪೂರ್ತಿ ತುಂಬಿದ ಸುಡೊಕುಗಳು ಒಟ್ಟು ಎಷ್ಟಿರಬಹುದೆಂದು 2005ರಲ್ಲಿ ಫೆಲ್ಗೆನ್‌ಹಾಯರ್ ಮತ್ತು ಜಾರ್ವಿಸ್ ಎಂಬ ಇಬ್ಬರು ಲೆಕ್ಕ ಹಾಕಿದರು: 6,670,903,752,021,072,936,960. ಅಬ್ಬಾ ಎನ್ನಬೇಡಿ. ಇದು 22 ಅಂಕಿಯ ಸಂಖ್ಯೆ. ಮಾಮೂಲಿ ಇಸ್ಪೀಟಿನ 52 ಎಲೆ ಕಲೆಸಿದಾಗ ಬರಬಹುದಾದ ಕ್ರಮಗಳ ಸಂಖ್ಯೆ 68 ಅಂಕಿಯದು. ಯಾವುದು ಆಳವಾದ ಶಾಸ್ತ್ರವೆಂದು ಯಾರಾದರೂ ಬಾಯಿ ಬಿಟ್ಟು ಹೇಳಬೇಕೇ?

ಆಟದ ಕ್ರಮ

2012ರ ಜನವರಿಯಲ್ಲಿ ಯೂನಿವರ್ಸಿಟಿ ಕಾಲೇಜ್ ಡಬ್ಲಿನ್ನಿನ ಗ್ಯಾರಿ ಮೆಕ್‌ಗೈರ್ ಮತ್ತು ಜೊತೆಗಾರರು ಕಂಪ್ಯೂಟರುಗಳನ್ನು ಬೆವರಿಳಿಸಿ ಒಂದು ವಿಷಯ ಸಾಧಿಸಿದರು: ಒಂದೇ ಒಂದು ಉತ್ತರವಿರುವ ಸುಡೊಕುವಿಗೆ ಕನಿಷ್ಠ 17 ಅಂಕಿ ಮೊದಲೇ ಕೊಟ್ಟಿರಬೇಕು, 16ರಲ್ಲಿ ಆಗದು. ಇಲ್ಲಿ ನಮ್ಮ ಸಂಶೋಧನೆಯ ಶಿಖರವಿದೆ. 81ರಲ್ಲಿ 17 ಕಳೆಯಿರಿ. 64. ಸಿರಿಭೂವಲಯದ ಅಂಕಿಗಳೆಷ್ಟು? 64. ಮುಮ್ಮಡಿಯವರ ಕುದುರೆ ಓಡಿದ ಮನೆಗಳೆಷ್ಟು? 64. ಈ 64 ಎಲೆಗಳನ್ನು ನಾಲ್ವರಿಗೆ ಹಂಚಿದರೆ ತಲೆಗೆ 16. ಓಝನಾಂ ಜೋಡಿಸಲು ಹೇಳಿದ ಎಲೆಗಳೆಷ್ಟು? 16. ಇಲ್ಲಿಗೆ ಫ್ರಾನ್ಸ್, ಐರ್ಲೆಂಡ್, ಮೈಸೂರು ಮತ್ತು ಕುಮುದೇಂದು ಮುನಿ ಒಂದೇ ಜಮಖಾನದ ಮೇಲೆ ಕೂತಂತಾಯಿತು.

ಜಮಖಾನದ ವಿಷಯ ಬಂತು. ಸಾಮಾನ್ಯ ಇಸ್ಪೀಟಿನ ಎಲೆ ಸುಮಾರು 6.3 ಸೆಂಟಿಮೀಟರ್ ಅಗಲ, 8.8 ಸೆಂಟಿಮೀಟರ್ ಉದ್ದ. ಒಂಬತ್ತು ಎಲೆ ಅಂಟಿಸಿಟ್ಟರೆ ಅಡ್ಡಕ್ಕೆ ಎರಡಡಿಗೆ ಕೊಂಚ ಕಮ್ಮಿ, ಉದ್ದಕ್ಕೆ ಎರಡೂವರೆ ಅಡಿಗೆ ಕೊಂಚ ಜಾಸ್ತಿ. ಫ್ಯಾನು ಆರಿಸಿರಬೇಕು. ಇದು ನಿಯಮವಲ್ಲ, ಅನುಭವ.

ಪ್ರಕಟಿತ ಸುಡೊಕು ಒಂದನ್ನು ನೋಡಿ 17 ಎಲೆಗಳನ್ನು ಮೊದಲೇ ಹರಡುವವನು ಸೂತ್ರಧಾರ. ಅವನು ಆಡುವುದಿಲ್ಲ, ಕಾಫಿಗೆ ಹೇಳುತ್ತಾನೆ. ಉಳಿದ ನಾಲ್ವರು ಸರದಿಯಂತೆ ಒಂದೊಂದು ಎಲೆ ಇಳಿಸುತ್ತಾರೆ. ಆ ಸಾಲು, ಆ ಕಂಬ, ಆ ಚೌಕದಲ್ಲಿ ಅದೇ ಅಂಕಿ ಕಾಣದಿದ್ದರೆ ಸಾಕು. ಒಗಟಿನ ನಿಜವಾದ ಉತ್ತರದಲ್ಲಿ ಅದು ಅಲ್ಲಿ ಬರುತ್ತದೋ ಇಲ್ಲವೋ ಎಂದು ಯಾರೂ ಕೇಳುವಂತಿಲ್ಲ. ಸಾಲನ್ನೋ ಚೌಕವನ್ನೋ ಒಂಬತ್ತನೆಯ ಎಲೆಯಿಂದ ಪೂರ್ಣ ಮಾಡಿದವರಿಗೆ 45 ಅಂಕ, ಅಂದರೆ ಒಂದರಿಂದ ಒಂಬತ್ತರವರೆಗಿನ ಮೊತ್ತ. ಎಲ್ಲರೂ ಕೈಕಟ್ಟಿ ಕೂರುವ ಸ್ಥಿತಿ ಬಂದಾಗ ಕೈಯಲ್ಲಿ ಉಳಿದ ಎಲೆಗಳ ಮೊತ್ತ ಅವರವರ ಸಾಲ.

ಇಷ್ಟು ಹೇಳಿದರೆ ಆಟದ ವ್ಯಾಕರಣ ಸಿಕ್ಕಿತು, ರಸ ಸಿಗಲಿಲ್ಲ. ಅದಕ್ಕೆ ಕಲ್ಯಾಣ ಮಂಟಪಕ್ಕೆ ಹೋಗಬೇಕು. ಮದುವೆಯ ಹಿಂದಿನ ರಾತ್ರಿ, ವರಪೂಜೆ ಮುಗಿದು, ಊಟದ ಹಾಲಿನಲ್ಲಿ ಬಕೆಟ್ಟುಗಳು ಸದ್ದು ಮಾಡುತ್ತಿರುವಾಗ, ಮಹಡಿಯ ಕೋಣೆಯಲ್ಲಿ ನಾಲ್ವರು ಕೂತಿದ್ದಾರೆ. ಪಣ ದುಡ್ಡಲ್ಲ, ಸೋತವರು ಮರುದಿನ ಮೊದಲ ಪಂಕ್ತಿಗೆ ಸಾರು ಬಡಿಸಬೇಕು. ಒಬ್ಬರು ನಿವೃತ್ತ ಗಣಿತ ಮೇಷ್ಟರು. ಅವರ ಹಿಂದಿನ ಸರದಿ ಹುಡುಗಿಯ ಚಿಕ್ಕಮ್ಮನದು. ಎಡಗಡೆ ಕೆಳಗಿನ ಚೌಕದಲ್ಲಿ ಏಳು ಎಲೆ ಬಿದ್ದಿವೆ, ಬೇಕಾದದ್ದು 4 ಮತ್ತು 7. ಯಾರೂ ಅತ್ತ ಸುಳಿಯುತ್ತಿಲ್ಲ. ಎಂಟನೆಯ ಎಲೆ ಹಾಕಿದವರು ಒಂಬತ್ತನೆಯದರ 45 ಅಂಕವನ್ನು ಮುಂದಿನವರಿಗೆ ತಟ್ಟೆಯಲ್ಲಿಟ್ಟು ಕೊಟ್ಟಂತೆ. ಮೇಷ್ಟರ ಕೈಯಲ್ಲಿ 4 ಇದೆ. ಚಿಕ್ಕಮ್ಮ 7 ಇಳಿಸಲಿ ಎಂದು ಅವರು ಜಪ ಮಾಡುತ್ತಿದ್ದಾರೆ. ಆ 7ಕ್ಕೆ ಜಾಗ ಏಳನೆಯ ಸಾಲಿನ ಮೂರನೆಯ ಮನೆ, ಬೇರೆಲ್ಲೂ ಅಲ್ಲ. ಮೇಷ್ಟರು ಅದನ್ನು ಮನಸ್ಸಿನಲ್ಲೇ ಸಾಧಿಸಿಯೂ ಆಗಿದೆ.

ಚಿಕ್ಕಮ್ಮ ಬಳೆ ಹಿಂದಕ್ಕೆ ಸರಿಸಿ, ಕಳಾವರ್ 7ನ್ನು ಎತ್ತಿ, ಅದೇ ಏಳನೆಯ ಸಾಲಿನ ಬಲತುದಿಯಲ್ಲಿ ಇಟ್ಟರು.

"ಅಲ್ಲಿ ಬರಲ್ಲ ಅದು! ಉತ್ತರ ತಪ್ಪಾಗುತ್ತೆ," ಎಂದು ಮೇಷ್ಟರು ಅರ್ಧ ಎದ್ದರು.

"ಉತ್ತರ ಯಾರಿಗೆ ಬೇಕು ಮೇಷ್ಟ್ರೇ? ನನ್ನ ಕೈಲಿದ್ದ ಏಳು ಹೋಯ್ತಲ್ಲ."

ಆ ಸಾಲಿನಲ್ಲಿ 7 ಬಿದ್ದುದರಿಂದ ಮೂರನೆಯ ಮನೆ ಸತ್ತಿತು. ಅಲ್ಲಿಗೆ ಇನ್ನು ಯಾವ ಅಂಕಿಯೂ ಹೋಗುವಂತಿಲ್ಲ. ಚೌಕ ಯಾವತ್ತೂ ತುಂಬುವುದಿಲ್ಲ. ಸುಡೊಕುವಿನ ಪ್ರತಿಯೊಂದು ಮನೆಗೂ ಒಟ್ಟು 20 ನೆರೆಮನೆಗಳಿವೆ, ಅಡ್ಡಕ್ಕೆ 8, ಉದ್ದಕ್ಕೆ 8, ಚೌಕದೊಳಗೆ ಉಳಿದ 4. ಒಂದು ಮನೆಯನ್ನು ಹಾಳುಮಾಡಲು ಈ 20ರಲ್ಲಿ ಎಲ್ಲಿಂದ ಬೇಕಾದರೂ ಕಲ್ಲು ಬೀಳಬಹುದು. ಪೆನ್ಸಿಲ್ ಸುಡೊಕುವಿನಲ್ಲಿ ಈ ಸತ್ತ ಮನೆ ಎಂದರೆ ತಪ್ಪು, ರಬ್ಬರ್ ಹುಡುಕಬೇಕಾದ ಅವಮಾನ. ಎಲೆಯ ಸುಡೊಕುವಿನಲ್ಲಿ ಅದೇ ಕೈಚಳಕ. ಮರುದಿನ ಸಾರು ಬಡಿಸಿದವರು ಮೇಷ್ಟರು ಎಂದು ಬೇರೆ ಹೇಳಬೇಕಾಗಿಲ್ಲ.

ಪೂರ್ವಪಕ್ಷ ಮತ್ತು ಅದರ ಖಂಡನೆ

ಸುಡೊಕುವಿನ ಪಾವಿತ್ರ್ಯವಿರುವುದೇ ಅದರ ಏಕೈಕ ಉತ್ತರದಲ್ಲಿ ಎಂಬುದು ಮುಖ್ಯ ಆಕ್ಷೇಪ. 2005ರಲ್ಲಿ ಇಂಗ್ಲೆಂಡಿನ ಟಿವಿ ವಾಹಿನಿಯೊಂದು ಬ್ರಿಸ್ಟಲ್ ಸಮೀಪದ ಗುಡ್ಡದ ಮೇಲೆ 275 ಅಡಿ ಅಗಲದ ಭಾರಿ ಸುಡೊಕು ಕೆತ್ತಿಸಿ ಬಹುಮಾನ ಘೋಷಿಸಿತು. ಬಿಡಿಸಿದವರು ನೋಡುತ್ತಾರೆ, ಅದಕ್ಕೆ ಒಂದಲ್ಲ, 1905 ಉತ್ತರ! ಗುಡ್ಡವೇನೂ ಕುಸಿಯಲಿಲ್ಲ. ಈ ದೃಷ್ಟಾಂತವೊಂದೇ ಸಾಕು.

ಸ್ಪರ್ಧಾತ್ಮಕ ಸುಡೊಕು ಈಗಾಗಲೇ ಇದೆಯಲ್ಲ ಎಂಬುದು ಇನ್ನೊಂದು. ಇದೆ. 2006ರಲ್ಲಿ ಇಟಲಿಯ ಲುಕ್ಕಾದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು, 2017ರಲ್ಲಿ ಬೆಂಗಳೂರಿಗೇ ಬಂದಿತ್ತು. ದೇಶ ದೇಶದ ಘಟಾನುಘಟಿಗಳು ಒಂದೇ ಸೂರಿನಡಿ ಕೂತು, ಗಡಿಯಾರದ ಎದುರು, ತಮ್ಮ ತಮ್ಮ ಕಾಗದದ ಮೇಲೆ ಬಗ್ಗಿ ಬರೆದರು. ಅವರ ವೇಗಕ್ಕೆ ನಮ್ಮ ಸಾಷ್ಟಾಂಗ ನಮಸ್ಕಾರ. ಆದರೆ ಪಕ್ಕದವನ ಮನೆಗೆ ಕಲ್ಲು ಹಾಕುವ ಹಕ್ಕು ಅವರಲ್ಲಿ ಒಬ್ಬರಿಗೂ ಇರಲಿಲ್ಲ. ಎಲ್ಲರೂ ಒಟ್ಟಿಗೆ ಕೂತು ಒಬ್ಬೊಬ್ಬರೇ ಮಾಡುವ ಕೆಲಸಕ್ಕೆ ಪರೀಕ್ಷೆ ಎನ್ನುತ್ತಾರೆ, ಆಟ ಎನ್ನುವುದಿಲ್ಲ. ಶಕುನಿ ಒಬ್ಬನೇ ಕೂತು ದಾಳ ಉರುಳಿಸಿದ್ದರೆ ಮಹಾಭಾರತ ಸಭಾಪರ್ವದಾಚೆಗೆ ದಾಟುತ್ತಿರಲಿಲ್ಲ.

ಮನಸ್ಸಿಗೆ ಶಾಂತಿ ಸಿಗುತ್ತದೆಂಬ ಮೂರನೆಯ ಆಕ್ಷೇಪಕ್ಕೆ ಉತ್ತರವಿಲ್ಲ. ಶಾಂತಿ ಬೇಕಾದವರು ಈ ಪ್ರಬಂಧವನ್ನು ಇಲ್ಲಿಯವರೆಗೆ ಓದಿಯೇ ಇರುವುದಿಲ್ಲ.

ದಂಡನೀತಿ

ಇಸ್ಪೀಟು ಎಂದ ಮೇಲೆ ಪೊಲೀಸರ ವಿಚಾರ ಮಾಡದಿರುವಂತಿಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಹಿಡಿಯುತ್ತದೆ, ಕೌಶಲದ ಆಟವನ್ನು ಬಿಡುತ್ತದೆ. ರಮ್ಮಿಯಲ್ಲಿ ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಇಟ್ಟುಕೊಳ್ಳಬೇಕು ಯಾವುದನ್ನು ಬಿಡಬೇಕು ಎಂದು ತಿಳಿದಿರಬೇಕು, ಆದ್ದರಿಂದ ಅದು ಮುಖ್ಯವಾಗಿ ಕೌಶಲದ ಆಟ ಎಂದು ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಪಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ 2021ರಲ್ಲಿ ತಂದ ತಿದ್ದುಪಡಿಯ ಅಂಶಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಮಾಡಿತು. ರಮ್ಮಿಗೇ ಕೋರ್ಟುಗಳು ಇಷ್ಟು ರಕ್ಷಣೆ ಕೊಟ್ಟಿದ್ದ ಮೇಲೆ, ಆಯ್ಲರ್, ಬೋಸ್, ಶ್ರೀಖಂಡೆಯರ ಬೆಂಬಲವಿರುವ ನಮ್ಮ ಆಟಕ್ಕೆ ಭಯವೇಕೆ? ಪಂಚನಾಮೆ ಬರೆಯುವವರಿಗೆ ಮಾತ್ರ ಕಷ್ಟ. ಎಲೆಗಳು ಇದ್ದ ಸ್ಥಿತಿಯನ್ನು ಯಥಾವತ್ತಾಗಿ ದಾಖಲಿಸಬೇಕೆಂದರೆ ಸ್ಥಳದಲ್ಲೇ ಒಂದು ಸುಡೊಕು ಬರೆಯಬೇಕಾಗುತ್ತದೆ, ಬರೆದವರು ಅದನ್ನು ಬಿಡಿಸದೆ ಠಾಣೆಗೆ ಹಿಂದಿರುಗುವುದು ಕಷ್ಟ.

ಇದು ನಮ್ಮ ಕಲ್ಪನೆಯೆಂದು ತಳ್ಳಿಹಾಕಬೇಡಿ. 2008ರಲ್ಲಿ ಆಸ್ಟ್ರೇಲಿಯದ ಸಿಡ್ನಿಯ ನ್ಯಾಯಾಲಯದಲ್ಲಿ ತಿಂಗಳುಗಟ್ಟಲೆ ನಡೆದ ಮಾದಕವಸ್ತು ಮೊಕದ್ದಮೆಯೊಂದು ಮಧ್ಯದಲ್ಲೇ ನಿಂತುಹೋಯಿತು. ಜ್ಯೂರಿ ಸದಸ್ಯರು ತಲೆ ಬಗ್ಗಿಸಿ ಶ್ರದ್ಧೆಯಿಂದ ಟಿಪ್ಪಣಿ ಮಾಡಿಕೊಳ್ಳುತ್ತಿದ್ದಾರೆಂದು ಎಲ್ಲರೂ ನಂಬಿದ್ದರು. ನೋಡಿದರೆ ಕೆಲವರು ಸುಡೊಕು ತುಂಬುತ್ತಿದ್ದರು. ಹತ್ತು ಲಕ್ಷಕ್ಕೂ ಹೆಚ್ಚು ಡಾಲರ್ ವೆಚ್ಚವಾಗಿದ್ದ ವಿಚಾರಣೆಯನ್ನು ಕೈಬಿಡಬೇಕಾಯಿತು. ಅವರು ಎಲೆಯಲ್ಲಿ ಆಡಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿದ್ದರು. ಯಾಕೆಂದರೆ ಎಲೆಯಾಟವನ್ನು ಸದ್ದಿಲ್ಲದೆ ಆಡಲು ಯಾರಿಂದಲೂ ಆಗುವುದಿಲ್ಲ. ಕದ್ದು ಆಡಲಾಗದಿರುವುದೇ ಪ್ರಾಮಾಣಿಕ ಆಟದ ಲಕ್ಷಣ.

ವಿಜ್ಞಾಪನೆ

ಈ ಮೀಮಾಂಸೆಗೆ ಆಕ್ಷೇಪಗಳಿರುವವರು 17 ವಾಕ್ಯಗಳನ್ನು ಮೀರದಂತೆ ಬರೆದು ಕಳಿಸಬಹುದು. ಅಷ್ಟರಲ್ಲಿ ಒಂದೇ ಅರ್ಥ ಹೊರಡುವಂತೆ ಬರೆಯಲು ಸಾಧ್ಯವೆಂದು ಡಬ್ಲಿನ್ನಿನವರೇ ಒಪ್ಪಿದ್ದಾರೆ. ಗಂಜೀಫಾ ಕಟ್ಟು ಮನೆಯಲ್ಲಿ ಇರುವವರು ದಯವಿಟ್ಟು ಅದನ್ನು ಗಾಜಿನ ಪೆಟ್ಟಿಗೆಯಿಂದ ಹೊರಗೆ ತೆಗೆಯಬೇಡಿ; ಚಿಕ್ಕಮ್ಮಂದಿರು ಎಲೆ ಇಳಿಸುವ ರಭಸಕ್ಕೆ ಆ ಬಣ್ಣ ತಡೆಯದು. ಮಾಮೂಲಿ ಇಸ್ಪೀಟೇ ಸಾಕು. ಎರಡು ಪ್ಯಾಕ್ ಸೂತ್ರಧಾರನ ಬಳಿ ಇರುತ್ತವೆ. ಮೂರನೆಯದನ್ನು ಆಡಲು ಬರುವವರೇ ತರಬೇಕು, ಗುಲಾಮರಿಗೆ ಅಂಟಿಸುವ ಗೋಂದನ್ನಲ್ಲ.